ಕೆಳಮುಖದ ಬಾಣ, ಭಂಡಾರದ ಆಣೆ

ಬೆಳಗು ಇನ್ನೂ ಸರಿಯಾಗಿ ಬಿಟ್ಟಿಲ್ಲ. ವಿಜಯಪುರದ ವೈದ್ಯಕೀಯ ಕಾಲೇಜೊಂದರ ಗ್ರಂಥಾಲಯದ ಮುಂದೆ ತುಕಾರಾಮ ಸೈಕಲ್ ನಿಲ್ಲಿಸಿ ಬೀಗ ತೆಗೆಯುತ್ತಾರೆ. ತೆಗೆದ ಕೂಡಲೇ ಒಳಗೆ ಹೋಗುವುದಿಲ್ಲ. ಹೊಸ್ತಿಲಲ್ಲೇ ನಿಂತು ಮೂಗರಳಿಸಿ ಗಾಳಿ ಎಳೆದುಕೊಳ್ಳುತ್ತಾರೆ. ಇಲಿ ಹೊಕ್ಕಿದ್ದರೆ ವಾಸನೆಯೇ ಹೇಳುತ್ತದಂತೆ. ಆಮೇಲೆ ಕಿಟಕಿ, ಕಸಬರಿಗೆ, ಒದ್ದೆ ಅರಿವೆ. ಕೊನೆಗೆ ಮೂಲೆಯ ಕಪಾಟಿನ ಹತ್ತಿರ ಹೋಗಿ, ಅಲ್ಲಿ ಸಾಲಾಗಿ ನಿಲ್ಲಿಸಿದ ವೈದ್ಯಕೀಯ ಪತ್ರಿಕೆಗಳನ್ನು ಒಂದೊಂದಾಗಿ ಎತ್ತಿ, ಒರೆಸಿ, ಮುಖಪುಟ ನೋಡಿ, ಇದ್ದಲ್ಲೇ ಇಡುತ್ತಾರೆ. ದೇಶವಿದೇಶದ ಡಾಕ್ಟರುಗಳು ತಾವು ಕಂಡುಕೊಂಡದ್ದನ್ನು ಇಂಗ್ಲಿಷಿನಲ್ಲಿ ಬರೆಯುವ ಪತ್ರಿಕೆಗಳು ಅವು. ತುಕಾರಾಮ ಅವರಿಗೆ ಇಂಗ್ಲಿಷ್ ಬರುವುದಿಲ್ಲ.

ಇಷ್ಟಾದ ಮೇಲೆ ಕ್ಯಾಂಟೀನಿನಿಂದ ಚಹಾ ಬರುತ್ತದೆ. ಚಹಾ ಮುಗಿಸಿದವರು ನನಗೆ ಬೆನ್ನು ಮಾಡಿ, ಗೋಡೆಗೆ ಮುಖ ಕೊಟ್ಟು, ಅಂಗಿಯ ಕಿಸೆಯಿಂದ ಏನನ್ನೋ ತೆಗೆದು ಗಬಕ್ಕನೆ ಬಾಯಿಗೆ ಹಾಕಿಕೊಳ್ಳುತ್ತಾರೆ.

"ಏನದು?" ಎಂದು ಕೇಳುತ್ತೇನೆ.

"ಏನಿಲ್ರಿ ಸರ್. ಅಡಕಿ."

ಅಡಿಕೆ ತಿನ್ನುವವರ ಹಲ್ಲು ಹೇಗಿರುತ್ತವೆಂದು ನನಗೆ ಗೊತ್ತು. ಇವರ ಹಲ್ಲು ಬೆಳ್ಳಗಿವೆ. ಅಗಿಯುವ ಸದ್ದೂ ಇಲ್ಲ, ಉಗುಳಲು ಹೊರಗೆ ಹೋದದ್ದೂ ಇಲ್ಲ. ಮನುಷ್ಯ ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ಅಲ್ಲೇ ತೀರ್ಮಾನಿಸುತ್ತೇನೆ.

ಮೊದಲೇ ಹೇಳಿಬಿಡುವುದು ಒಳ್ಳೆಯದು, ನಾನು ಸಂಶಯದ ಪ್ರಾಣಿ. ನಮ್ಮ ಪತ್ರಿಕೆಯ ಪುರವಣಿಗೆ ವಾರಕ್ಕೊಬ್ಬ ಒಳ್ಳೆಯ ಮನುಷ್ಯ ಬೇಕು, ಹುಡುಕಿ ತರುವ ಕೆಲಸ ನನ್ನದು. ವರ್ಷಗಟ್ಟಲೆ ಇದೇ ಕೆಲಸ ಮಾಡಿದವನಿಗೆ ಒಳ್ಳೆಯವರನ್ನು ಕಂಡರೆ, ಇವರಿಗೆ ನಮ್ಮಿಂದ ಏನು ಬೇಕಾಗಿದೆಯಪ್ಪಾ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ತುಕಾರಾಮ ಅವರ ಸುದ್ದಿ ಕೊಟ್ಟವರು ಸಾರವಾಡದ ಪರಿಚಯದವರು. ಮೊಬೈಲಿನಲ್ಲಿ ಬರುವ ಆರೋಗ್ಯದ ರೀಲು, ಚಿತ್ರ, ಸಂದೇಶ ನಿಜವೋ ಸುಳ್ಳೋ ಎಂದು ಅವರೂರಿನ ಜನ ಡಾಕ್ಟರನ್ನು ಕೇಳುವುದಿಲ್ಲವಂತೆ, ಗ್ರಂಥಾಲಯದ ಕಸ ಗುಡಿಸುವ ಈ ಸಿಪಾಯಿಯನ್ನು ಕೇಳುತ್ತಾರಂತೆ. ಇಂಗ್ಲಿಷ್ ಬಾರದವರು ಇಂಗ್ಲಿಷ್ ಪತ್ರಿಕೆಯ ಸತ್ಯ ಹೇಗೆ ಹೇಳುತ್ತಾರೆ? ಎಲ್ಲೋ ಏನೋ ಮಸಲತ್ತು ಇದೆ ಅಂದುಕೊಂಡೇ ನಾನು ಹೊರಟದ್ದು.

ತುಕಾರಾಮ ಹುಟ್ಟಿದ್ದು ಸಾರವಾಡದಲ್ಲಿ, ಕುರಿ ಕಾಯುವ ಮನೆತನದಲ್ಲಿ. ಶಾಲೆ ಏಳನೆಯ ಇಯತ್ತೆಗೆ ನಿಂತಿತು. ತಂದೆಯ ಜೊತೆ ಕುರಿಗಳ ಹಿಂದೆ ಅಲೆದರು. ಒಮ್ಮೆ ಹಳ್ಳ ದಾಟುವಾಗ ಬಿದ್ದು ಕಾಲು ಮುರಿಯಿತು, ಸೇರಿಕೊಂಡಿತಾದರೂ ದಿನವಿಡೀ ನಡೆಯುವ ತ್ರಾಣ ಉಳಿಯಲಿಲ್ಲ. ಪಟ್ಟಣಕ್ಕೆ ಬಂದವರಿಗೆ ಸಿಕ್ಕಿದ್ದು ಈ ಗುತ್ತಿಗೆ ನೌಕರಿ. ಮನೆ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಮಗ್ಗುಲಿಗೆ. ರೈಲು ಹಾದುಹೋಗುವಾಗ ಮಾತು ನಿಲ್ಲಿಸುವ ರೂಢಿ ಅವರಿಗೆ ಎಲ್ಲಿ ಹೋದರೂ ಬಿಟ್ಟಿಲ್ಲ. ಗ್ರಂಥಾಲಯದ ಹೊರಗೆ ಲಾರಿಯೊಂದು ಸದ್ದು ಮಾಡಿದರೂ ಅರ್ಧ ಮಾತಿಗೆ ತಡೆದು, ಅದು ದೂರವಾದ ಮೇಲೆ ಉಳಿದರ್ಧ ಹೇಳುತ್ತಾರೆ.

"ನಾ ಓದಾಂವಲ್ರಿ ಸರ್. ಗುರ್ತ ಹಿಡೀತೇನಿ ಅಷ್ಟ," ಎನ್ನುತ್ತಾರೆ. "ಹತ್ತು ಮಂದಿ ಕುರಿ ಒಂದ ಹೊಲದಾಗ ಕೂಡಿದ್ರೂ ನಮ್ಮ ಕುರಿ ನಮಗ ಗೊತ್ತಾಗತಾವ. ಕಿವಿ ಕತ್ತರಿಸಿದ್ದು ಹೆಂಗೈತಿ, ಬಣ್ಣ ಎಲ್ಲಿ ಹಚ್ಚೈತಿ, ನೋಡಿದ ಕೂಡ್ಲೇ ತಿಳೀತೈತಿ. ಈ ಪುಸ್ತಕಾನೂ ಹಂಗ. ಒಂದೊಂದಕ್ಕ ಒಂದೊಂದು ಗುರ್ತ ಐತಿ."

ಅವರ ಕೆಲಸದ ರೀತಿ ಇಷ್ಟೇ. ಯಾರಾದರೂ ಮೊಬೈಲಿಗೆ ಚಿತ್ರ ಕಳಿಸಿ, ಇದು ದೊಡ್ಡ ಡಾಕ್ಟರುಗಳ ಪತ್ರಿಕೆಯಲ್ಲಿ ಬಂದದ್ದಂತೆ, ಹೌದೇ ಎಂದು ಕೇಳುತ್ತಾರೆ. ತುಕಾರಾಮ ಚಿತ್ರದ ಮೂಲೆಯಲ್ಲಿರುವ ಗುರುತನ್ನು ಕಪಾಟಿನ ಮುಖಪುಟದ ಮೇಲಿನ ಗುರುತಿಗೆ ಹಿಡಿದು ನೋಡುತ್ತಾರೆ. ಅಕ್ಷರದ ತಿರುವು, ಬಣ್ಣ, ಗೆರೆ ಒಂದೂ ಬಿಡುವುದಿಲ್ಲ. ಆಮೇಲೆ ಒಂದೇ ಮಾತಿನ ಉತ್ತರ: "ಐತಿ" ಇಲ್ಲವೇ "ಇಲ್ಲ". ಅದರಾಚೆ ಒಂದಕ್ಷರ ಹೇಳುವುದಿಲ್ಲ.

ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿ ಅಮೀನಸಾಬ ಅವರಿಗೆ ಹೀಗೆ ಒಮ್ಮೆ "ಇಲ್ಲ" ಎಂಬ ಉತ್ತರ ಬಂದಿದೆ. ದ್ರಾಕ್ಷಿ ನೆನೆಸಿದ ನೀರು ಕುಡಿದರೆ ಸಕ್ಕರೆ ಕಾಯಿಲೆ ಹೋಗುತ್ತದೆಂದು ವಿದೇಶಿ ಪತ್ರಿಕೆಯೊಂದು ಹೇಳಿದೆಯೆಂಬ ಚಿತ್ರ ಅದು. ಅಂಗಡಿಯ ಮುಂದೆ ದೊಡ್ಡದಾಗಿ ಹಾಕಿಸಬೇಕೆಂದು ಅವರು ಫ್ಲೆಕ್ಸಿನವನಿಗೆ ಹೇಳಿಯೂ ಆಗಿತ್ತು. "ಸಿಟ್ಟು ಬಂತ್ರಿ, ಖರೆ ಹೇಳತೇನಿ," ಎಂದರು ಅಮೀನಸಾಬ ಫೋನಿನಲ್ಲಿ. "ನಂದ ಮಾಲು, ಇವಂಗೇನು ತ್ರಾಸು ಅಂತ. ಆದ್ರ ವಿಚಾರ ಮಾಡಿದೆ. ಆ ಮನುಷ್ಯಾಗ ಇದರಾಗ ಏನೂ ಸಿಗೂದಿಲ್ಲ. ಹಂಗಂದಮ್ಯಾಲ ಸುಳ್ಳು ಯಾಕ ಹೇಳತಾನ?" ಫ್ಲೆಕ್ಸ್ ಹಾಕಿಸಲಿಲ್ಲ.

ಏನೂ ಸಿಗದವನು ಸುಳ್ಳು ಹೇಳುವುದಿಲ್ಲ ಎಂಬ ಲೆಕ್ಕ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಗೋಡೆಗೆ ಮುಖ ಮಾಡಿ ಬಾಯಿಗೆ ಹಾಕಿಕೊಂಡ 'ಅಡಕಿ' ಇನ್ನೂ ನನ್ನ ತಲೆಯಲ್ಲೇ ಇತ್ತು. ಹಾಗಾಗಿ ಗ್ರಂಥಪಾಲಕಿ ಸುಮಂಗಲಾ ಮೇಡಂ ಅವರನ್ನು ಬೇರೆಯಾಗಿ ಭೇಟಿಯಾಗುತ್ತೇನೆ.

ಅವರು ತುಕಾರಾಮ ಅವರ ಬಗ್ಗೆ ಹೇಳುವುದಕ್ಕಿಂತ ಪತ್ರಿಕೆಗಳ ಬಗ್ಗೆಯೇ ಹೆಚ್ಚು ಹೇಳುತ್ತಾರೆ. ಮೊದಲೆಲ್ಲ ಈ ಪತ್ರಿಕೆಗಳು ಅಂಚೆಯಲ್ಲಿ ಬರುತ್ತಿದ್ದವು, ಡಾಕ್ಟರುಗಳು ಕಾದು ಕುಳಿತು ಓದುತ್ತಿದ್ದರು. ಈಗ ಕಾಗದದ ಪ್ರತಿಗಳು ಬೆರಳೆಣಿಕೆಯಷ್ಟು. ಎಲ್ಲ ಪತ್ರಿಕೆಗಳೂ ಇನ್‌ಸ್ಟಾಗ್ರಾಂ, ಫೇಸ್‌ಬುಕ್ಕಿನಲ್ಲಿ ಖಾತೆ ತೆರೆದು, ನೀಲಿ ಟಿಕ್ ಹಾಕಿಕೊಂಡು ಕೂತಿವೆ. ಸಂಶೋಧನೆಯೊಂದು ಎಷ್ಟು ದೊಡ್ಡದು ಎನ್ನುವುದಕ್ಕೆ ಎಷ್ಟು ಮಂದಿ ಹಂಚಿಕೊಂಡರು ಎಂಬುದೂ ಒಂದು ಅಳತೆಯಾಗಿದೆ. ಅದಕ್ಕಾಗಿ ಉದ್ದನೆಯ ಲೇಖನವನ್ನು ಒಂದೇ ಚಿತ್ರದಲ್ಲಿ ಕೂಡಿಸಿ ಬಿಡುತ್ತಾರೆ: ಒಂದು ಮನುಷ್ಯನ ಆಕಾರ, ಒಂದು ಗುಳಿಗೆ, ಒಂದು ಬಾಣ, ನಾಲ್ಕು ಶಬ್ದ.

"ಚಿತ್ರ ಎಲ್ಲರಿಗೂ ಪುಕ್ಕಟೆ. ಲೇಖನ ಓದಬೇಕಂದ್ರ ಬಹಳಷ್ಟು ಸಲ ದುಡ್ಡು ಕಟ್ಟಬೇಕು," ಎನ್ನುತ್ತಾರೆ ಸುಮಂಗಲಾ ಮೇಡಂ. "ಡಾಕ್ಟರ್‌ಗಳಿಗೂ ಈಗ ಪುರಸತ್ತಿಲ್ಲ. ಚಿತ್ರ ನೋಡತಾರ, ಮುಂದ ಕಳಸತಾರ."

ಹಾಗಾದರೆ ಓದುವವರು ಯಾರು ಎಂದು ಕೇಳಿದೆ. ಮೇಡಂ ನಕ್ಕುಬಿಟ್ಟರು. ನನಗಂತೂ ಸಿಟ್ಟೇ ಬಂತು. ಬಾಗಿಲಿಗೆ ಬೀಗ ಜಡಿದು, ಹೊರಗೆ ಬಣ್ಣದ ಬೋರ್ಡು ನಿಲ್ಲಿಸಿ, ದಾರಿಹೋಕರೆಲ್ಲ ನೋಡಿದರು ಎಂದು ಬೀಗುವುದನ್ನು ಪ್ರಭಾವ ಅನ್ನುತ್ತಾರೆಂದರೆ ಏನು ಹೇಳೋಣ. ಆ ಬೋರ್ಡು ಎಲ್ಲಿಯವರೆಗೆ ಹೋಗಿ ಯಾರ ಕಣ್ಣಿಗೆ ಬೀಳುತ್ತದೆ, ಅವರು ಅದನ್ನು ಏನೆಂದು ತಿಳಿಯುತ್ತಾರೆ ಎಂಬ ಚಿಂತೆ ಯಾರಿಗೂ ಇದ್ದಂತಿಲ್ಲ.

ಮರುದಿನ ಬೆಳಿಗ್ಗೆ ಮತ್ತೆ ಅದೇ ಬೆನ್ನು, ಅದೇ ಗೋಡೆ. ನಾನು ಸುತ್ತಿಬಳಸದೆ ಕೇಳುತ್ತೇನೆ: "ನಿಮ್ಮ 'ಐತಿ' ಎಂದಾದರೂ ತಪ್ಪಾಗಿದೆಯೇ?"

ಹೊರಗೆ ಲಾರಿಯೂ ಇಲ್ಲ, ರೈಲೂ ಇಲ್ಲ. ಆದರೂ ತುಕಾರಾಮ ಮಾತು ನಿಲ್ಲಿಸುತ್ತಾರೆ. ಕೈಯಲ್ಲಿದ್ದ ಅರಿವೆಯನ್ನು ಮಡಚುತ್ತಾರೆ, ಬಿಚ್ಚುತ್ತಾರೆ.

"ಆಗೇತ್ರಿ," ಎನ್ನುತ್ತಾರೆ ಕೊನೆಗೆ. "ನಮ್ಮಕ್ಕಂದ."

ಅಕ್ಕ ಮುದುಕವ್ವ ಬಬಲೇಶ್ವರ ತಾಲ್ಲೂಕಿನ ನಿಡೋಣಿಯಲ್ಲಿ ಇರುತ್ತಾರೆ. ಬಹಳ ದಿನದಿಂದ ಬಿಪಿ. ಸರಕಾರಿ ದವಾಖಾನೆಯ ಗುಳಿಗೆ ತಪ್ಪದೆ ತೆಗೆದುಕೊಳ್ಳುತ್ತಿದ್ದರು. ದೀಪಾವಳಿಗೆ ತುಕಾರಾಮ ಅಲ್ಲಿಗೆ ಹೋದಾಗ ಪಕ್ಕದ ಮನೆಯ ಸೊಸೆ ಲಕ್ಷ್ಮಿ ತನ್ನ ಮೊಬೈಲಿಗೆ ಬಂದ ಚಿತ್ರವೊಂದನ್ನು ತೋರಿಸಿದಳು. ಮನುಷ್ಯನ ಆಕಾರ, ಅದರ ಬಾಜೂಕ ಬಿಪಿ ಗುಳಿಗೆ, ಅದರ ಮುಂದೆ ಕೆಳಗೆ ಇಳಿಯುವ ದೊಡ್ಡ ಕೆಂಪು ಬಾಣ. ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಕಳಿಸಿದವರು ಯಾರೋ ಕೆಳಗೆ ಕೈಮುಗಿದ ಚಿಹ್ನೆ ಇಟ್ಟಿದ್ದರು. ಗುಳಿಗೆ ತಗೊಂಡ ಮನುಷ್ಯ ಕೆಳಗೆ ಹೋಗುತ್ತಾನೆ, ಮಣ್ಣಿನೊಳಗೆ ಹೋಗುತ್ತಾನೆ, ಎಂದು ಅಲ್ಲಿದ್ದವರೆಲ್ಲ ತಿಳಿದರು. ಸತ್ತವರನ್ನು ಹೂಳುವ ಜನ ಅವರು, ಕೆಂಪು ಬಾಣ ನೆಲಕ್ಕೆ ಚುಚ್ಚಿದ್ದನ್ನು ಬೇರೆ ಹೇಗೆ ತಿಳಿದಾರು?

ಮುದುಕವ್ವ ಮಾತ್ರ ಪಟ್ಟನೆ ನಂಬುವವರಲ್ಲ. ತಮ್ಮನನ್ನು ದೇವರ ಜಗುಲಿಯ ಮುಂದೆ ಕೂರಿಸಿ, ಮನೆದೇವರು ಬೀರಪ್ಪನ ಭಂಡಾರದ ಚೀಲ ಬಿಚ್ಚಿ, ಈ ಅರಿಸಿನ ಮುಟ್ಟಿ ಹೇಳು, ಚಿತ್ರ ಖರೆಯೋ ಸುಳ್ಳೋ ಎಂದರು. ತುಕಾರಾಮ ಗುರುತು ನೋಡಿದರು. ಅದು ದಿನಾ ಒರೆಸಿ ಇಡುವ ಪತ್ರಿಕೆಯದೇ ಗುರುತು, ಎಳ್ಳಷ್ಟೂ ಅನುಮಾನವಿರಲಿಲ್ಲ. ಭಂಡಾರ ಮುಟ್ಟಿ "ಐತಿ" ಎಂದರು. ಆ ಕುಲದವರಿಗೆ ಭಂಡಾರ ಮುಟ್ಟಿ ಆಡಿದ ಮಾತಿಗಿಂತ ದೊಡ್ಡ ಮಾತು ಇಲ್ಲ. ಮುದುಕವ್ವ ಅಂದಿನಿಂದ ಗುಳಿಗೆ ಬಿಟ್ಟರು.

"ಆಣಿ ಸುಳ್ಳಲ್ರಿ. ಚಿತ್ರ ಆ ಪುಸ್ತಕದ್ದ ಇತ್ತು," ಎನ್ನುತ್ತಾರೆ ತುಕಾರಾಮ. "ಮುಂದ ಅಕ್ಕ ದನಕ್ಕ ಕಣಕಿ ತರಾಕ ಹೋಗಿ ತಲಿ ತಿರುಗಿ ಬಿದ್ದಳು. ಮೇಡಮ್ಮಾರಿಗೆ ಚಿತ್ರ ತೋರಿಸಿ ಕೇಳಿದೆ. ಗುಳಿಗಿ ತಗೊಂಡ್ರ ಸಾಯೂ ಮಂದಿ ಕಡಿಮಿ ಆಕ್ಕಾರ, ಅದಕ್ಕ ಬಾಣ ಕೆಳಗೈತಿ ಅಂದ್ರು. ಗುರ್ತ ಖರೆ, ಪುಸ್ತಕ ಖರೆ. ನಮ್ಮ ತಿಳುವಳಿಕಿ ಅಷ್ಟ ತೆಳಗ-ಮ್ಯಾಲ ಆಗಿತ್ತು."

ಗುರುತಿನ ಗೆರೆಗೆರೆಯನ್ನೂ ಸಂಶಯದಿಂದ ನೋಡುವ ತುಕಾರಾಮ, ಬಾಣದ ಅರ್ಥ ಒಂದನ್ನು ಬಿಟ್ಟು ಉಳಿದೆಲ್ಲ ಕಡೆ ಸಂಶಯಪಟ್ಟಿದ್ದರು. ನಾನಿದ್ದರೂ ಅದನ್ನೇ ಮಾಡುತ್ತಿದ್ದೆ ಎಂಬುದು ಮನಸ್ಸಿಗೆ ಬಂತು.

ನಿಜ ತಿಳಿದ ಮೇಲೆ ಅವರು ಸಾರವಾಡದ ಮನೆಮನೆಗೆ ಹೋಗಿ, ಅಲ್ಲಿಗೂ ಹೋಗಿದ್ದ ಆ ಚಿತ್ರದ ಬಗ್ಗೆ ತಮ್ಮನ್ನು ಕೇಳಿದವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದ್ದಾರೆ. ಕೆಲವರು ಗುಳಿಗೆ ಬಿಟ್ಟಿದ್ದರು, ಬೈಸಿಕೊಂಡು ಮತ್ತೆ ಶುರುಮಾಡಿಸಿದ್ದಾರೆ. ಆದರೆ ಮುದುಕವ್ವ ಜಪ್ಪಯ್ಯ ಅಂದರೂ ಕೇಳುತ್ತಿಲ್ಲ. ದವಾಖಾನೆಯ ನರ್ಸು ಮನೆಗೆ ಬಂದು ಬಿಪಿ ನೋಡಿ ಗಾಬರಿಯಾಗಿ, ಡಾಕ್ಟರನ್ನು ಕೇಳಿ ಹೊಸ ಗುಳಿಗೆ ಕೊಟ್ಟು ಹೋಗಿದ್ದಾಳೆ. ಆ ಗುಳಿಗೆಯ ಪಟ್ಟಿ ಗೋಡೆಯ ಮಾಡದಲ್ಲಿ ಒಡೆಯದೆ ಕೂತಿದೆ. ಇನ್ನೊಮ್ಮೆ ಬಿದ್ದರೆ ಏಳುವುದು ಕಷ್ಟ ಎಂದು ನರ್ಸು ಬಾಯಿಬಿಟ್ಟೇ ಹೇಳಿದ್ದಾಳೆ.

"ಆಯಿತವಾರ ಮತ್ತ ಹೊಂಟೇನ್ರಿ," ಎನ್ನುತ್ತಾರೆ ತುಕಾರಾಮ. ಭಾನುವಾರ ನಾನೂ ಬರುತ್ತೇನೆ ಎನ್ನುತ್ತೇನೆ. ಬಸ್ಸಿನ ಹೊತ್ತು ಹೇಳುತ್ತಾರೆ.

ನಸುಕಿನ ಬಸ್ಸು ಹತ್ತಿ ನಿಡೋಣಿಗೆ ಇಳಿದಾಗ ಮುದುಕವ್ವ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಾರೆ. ಹಣೆಯ ಮೇಲೆ ಬಿದ್ದ ಗಾಯದ ಕಲೆ ಇನ್ನೂ ಕಪ್ಪಗಿದೆ. ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ.

"ಯಾರ ಇವ್ರು? ಡಾಕ್ಟರೇನು?"

"ಅಲ್ಲ ಯಕ್ಕಾ, ಪೇಪರದವ್ರು."

"ಈಗ ಪೇಪರದವ್ರನ್ನೂ ಕರಕೊಂಡು ಬಂದಿಯೇನು. ಹಂಗಾರ ಗುಳಿಗಿ ಮಾತ ಇರಬೇಕು," ಎಂದು ಜೋಳವನ್ನು ಜೋರಾಗಿ ಕೇರುತ್ತಾರೆ.

ಚಹಾ ಬರುತ್ತದೆ, ಕುಡಿಯುತ್ತೇವೆ. ಆಮೇಲೆ ಮುದುಕವ್ವ ತಾವೇ ಶುರುಮಾಡುತ್ತಾರೆ.

"ನೀ ಭಂಡಾರ ಮುಟ್ಟಿ ಹೇಳಿದ್ದು ಸುಳ್ಳೇನು ತುಕ್ಯಾ?"

"ಸುಳ್ಳಲ್ಲ. ಚಿತ್ರ ಆ ಪುಸ್ತಕದ್ದು ಅಂದಿದ್ದೆ. ಅದು ಖರೇನ."

"ಮತ್ತ ಈಗೇನಂತಿ?"

"ಬಾಣದ ಅರ್ಥ ನಾವು ತಿಳಕೊಂಡಂಗಿಲ್ಲ. ಸಾವು ಕಡಿಮಿ ಆಕ್ಕಾವಂತ. ಮೈಯಾಗಿನ ಜರ ಇಳೀತೈತಿ ಅಂತೇವಲ್ಲ, ಹಂಗ ಅದು ಇಳಿಯೂದು ಚೊಲೋದು."

"ಹಂಗಂತ ಯಾರಂದ್ರು?"

"ಮೇಡಮ್ಮಾರು."

"ಆತು. ಹಂಗಾರ ಅದನ್ನೂ ಭಂಡಾರ ಮುಟ್ಟಿ ಹೇಳು."

ಮುದುಕವ್ವ ಎದ್ದು ಒಳಗೆ ಹೋಗಿ ಜಗುಲಿಯಿಂದ ಚೀಲ ತಂದು ತಮ್ಮನ ಮುಂದಿಡುತ್ತಾರೆ. ಒಂದು ಮಾತು ಅಂದುಬಿಡಪ್ಪಾ, ಅಕ್ಕ ಉಳಿಯುತ್ತಾಳೆ ಎಂದು ನಾನು ಒಳಗೊಳಗೇ ಅಂದುಕೊಳ್ಳುತ್ತೇನೆ. ತುಕಾರಾಮ ಕೈ ಚಾಚುವುದಿಲ್ಲ.

"ಅದು ಆಗೂದಿಲ್ಲ ಯಕ್ಕಾ. ಅದು ನಾ ಕೇಳಿದ ಮಾತು. ನಾ ಓದಿಲ್ಲ."

ಮುದುಕವ್ವ ನನ್ನ ಕಡೆ ತಿರುಗುತ್ತಾರೆ. "ಯಪ್ಪಾ, ನೀವು ಓದಿದವ್ರು. ನೀವು ಮುಟ್ರಿ. ಆ ಪುಸ್ತಕದಾಗ ಏನೈತಿ ಓದೀರಿಲ್ಲ?"

ಚಿತ್ರವನ್ನು ನಾನೂ ನೋಡಿದ್ದೇನೆ. ಅರ್ಥವನ್ನು ಹೊರಡುವ ಮುನ್ನ ಸುಮಂಗಲಾ ಮೇಡಂ ಬಾಯಿಂದ ನಾನೂ ಕೇಳಿದ್ದೇನೆ. ಬಸ್ಸಿನಲ್ಲಿ ಬರುವಾಗ ಈ ಲೇಖನದ ಅರ್ಧ ಭಾಗವನ್ನು ಮನಸ್ಸಿನಲ್ಲಿ ಬರೆದೂ ಮುಗಿಸಿದ್ದೇನೆ. ಆದರೆ ಬೀಗದ ಹಿಂದಿನ ಆ ಪುಟಗಳನ್ನು ತೆರೆಸಿ ನೋಡಬೇಕೆಂಬುದು ನನಗೆ ಹೊಳೆದೇ ಇರಲಿಲ್ಲ.

"ಇಲ್ಲಮ್ಮ, ಓದಿಲ್ಲ," ಎನ್ನುತ್ತೇನೆ.

"ಚಿತ್ರ ನೋಡೀರಿ ಅಷ್ಟ."

"ಹೌದು."

"ಚಿತ್ರ ನಾನೂ ನೋಡೇನಿ," ಎನ್ನುತ್ತಾರೆ ಮುದುಕವ್ವ, ಮತ್ತೆ ಜೋಳದ ಮೊರ ಎತ್ತಿಕೊಳ್ಳುತ್ತಾರೆ.

ತುಕಾರಾಮ ಎದ್ದು ಹೋಗಿ ಕೈಕಾಲು ತೊಳೆದು ಬರುತ್ತಾರೆ. ಚೀಲ ಬಿಚ್ಚಿ ಭಂಡಾರ ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತಾರೆ. ಆಮೇಲೆ ಅಂಗಿಯ ಕಿಸೆಗೆ ಕೈಹಾಕುತ್ತಾರೆ. ನಾನು ದಿನಾ ಬೆನ್ನ ಹಿಂದಿನಿಂದ ನೋಡಿದ ಕಿಸೆ. ಹೊರಗೆ ಬಂದದ್ದು ಅರ್ಧ ಖಾಲಿಯಾದ ಗುಳಿಗೆ ಪಟ್ಟಿ.

"ಇದು ನಂದು. ನನಗೂ ಬಿಪಿ ಐತಿ, ನಿನಗ ಹೇಳಿರಲಿಲ್ಲ," ಎನ್ನುತ್ತಾರೆ ಅಕ್ಕನಿಗೆ. "ಆ ಚಿತ್ರ ನೋಡಿ ನಾನೂ ಬಿಟ್ಟಿದ್ದೆ. ಮೇಡಮ್ಮಾರು ಹೇಳಿದ ಮ್ಯಾಲ ಮತ್ತ ಚಾಲೂ ಮಾಡೇನಿ. ಒಂದಿನಾನೂ ತಪ್ಪಿಸಿಲ್ಲ. ಪುಸ್ತಕದಾಗ ಏನೈತಿ ನನಗ ಗೊತ್ತಿಲ್ಲ. ಇದು ಗೊತ್ತೈತಿ. ಇಷ್ಟಕ್ಕ ಆಣಿ."

ಇವತ್ತಿನ ಗುಳಿಗೆಯನ್ನು ಅವರಿನ್ನೂ ತೆಗೆದುಕೊಂಡಿರಲಿಲ್ಲ. ಗೋಡೆಗೆ ಮುಖ ಮಾಡದೆ, ಅಕ್ಕನ ಕಣ್ಣೆದುರಿಗೇ ನಾಲಿಗೆಯ ಮೇಲಿಟ್ಟು ನೀರು ಕುಡಿಯುತ್ತಾರೆ.

ಮುದುಕವ್ವನ ಕೈಯಲ್ಲಿ ಮೊರ ನಿಂತಿದೆ. "ಇಷ್ಟ ದಿನ ಕದ್ದು ತಗೊಳ್ಳಾಕತ್ತಿದ್ಯಾ?"

"ಹೂಂ. ನನ್ನ ಮಾತಿಗೆ ಮಂದಿ ಬಿಟ್ಟಿದ್ರು. ನಾ ತಗೋಳೂದು ನೋಡಿದ್ರ ಏನಂದಾರು ಅಂತ ನಾಚಿಕಿ ಆತು."

"ಲೇ ತುಕ್ಯಾ." ಧ್ವನಿ ಒಮ್ಮೆಲೇ ಕುಗ್ಗುತ್ತದೆ. "ನೀನೂ ಬಿಟ್ಟಿದ್ಯಾ. ನಿನಗೇನರೆ ಆಗಿದ್ರ, ನನ್ನ ಮುಂದ ಹಿಂಗ ಭಂಡಾರ ಮುಟ್ಟಿ ಹೇಳಾವ್ರು ಯಾರಿದ್ರೋ?"

ಮುದುಕವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋಗುತ್ತಾರೆ. ಮಾಡದಲ್ಲಿದ್ದ ಪಟ್ಟಿಯನ್ನು ತಂದು, ಹಿಂದೆ ಮುಂದೆ ತಿರುಗಿಸಿ, ಒಂದು ಗುಳಿಗೆ ಬಿಡಿಸಿ ಅಂಗೈಯಲ್ಲಿಟ್ಟು ಸ್ವಲ್ಪ ಹೊತ್ತು ನೋಡುತ್ತಾರೆ. "ಸಂಜಿತನಕ ನೀ ಇಲ್ಲೇ ಕುಂದರಬೇಕು. ನಡುವ ಎದ್ದು ಹೋದ್ರ ನಾಳಿಂದ ಮತ್ತ ಬಿಡತೇನಿ ನೋಡು," ಎಂದು ಹೇಳಿ, ತಂಬಿಗೆ ಎತ್ತಿ ಗುಳಿಗೆ ನುಂಗುತ್ತಾರೆ.

ತುಕಾರಾಮ ಕಟ್ಟೆಗೆ ಒರಗಿ ಕೂರುತ್ತಾರೆ. ಅಷ್ಟೊಂದು ನಿರಾಳವಾದ ಮುಖವನ್ನು ನಾನು ಅವರಲ್ಲಿ ನೋಡಿಯೇ ಇರಲಿಲ್ಲ. ಈಗಲೂ ಅವರಿಗೆ ಊರಿನಿಂದ ಚಿತ್ರಗಳು ಬರುತ್ತವೆ. ಉತ್ತರ ಮಾತ್ರ ಸ್ವಲ್ಪ ಉದ್ದವಾಗಿದೆ: "ಐತಿ. ಏನು ಹೇಳೈತಿ ಅಂತ ದವಾಖಾನ್ಯಾಗ ಕೇಳ್ರಿ." ನಾಳೆಯಿಂದ ಗ್ರಂಥಾಲಯದಲ್ಲಿ ಗೋಡೆಯ ಕಡೆ ತಿರುಗುವುದಿಲ್ಲವಂತೆ.

ನಿಮಗೇನಾದರೂ ಆಸೆಯಿದೆಯೇ ಎಂದು ಕೇಳುವುದು ನಮ್ಮ ಪದ್ಧತಿ, ಕೇಳುತ್ತೇನೆ. "ಆ ಪುಸ್ತಕದವ್ರು ಚಿತ್ರ ಬರೀತಾರಲ್ರಿ, ಮೊಬೈಲಿಗೆ ಬಿಡೂ ಮೊದ್ಲ ನಮ್ಮಕ್ಕನಂಥಾವ್ರಿಗೆ ಒಮ್ಮೆ ತೋರಸ್ಲಿ. ಏನು ಕಾಣತೈತಿ ಅಂತ ಕೇಳ್ಲಿ. ಅಷ್ಟ ಬರೀರಿ."

ಬರೆದಿದ್ದೇನೆ. ಹೊರಡುವ ಮುನ್ನ ಅಕ್ಕತಮ್ಮ ಇಬ್ಬರದೂ ಒಂದು ಫೋಟೋ ಬೇಕೆಂದು ಮೊಬೈಲ್ ಎತ್ತುತ್ತೇನೆ. ಮುದುಕವ್ವ ಸೆರಗು ಸರಿಮಾಡಿಕೊಂಡು, ತಮ್ಮನ ಪಕ್ಕಕ್ಕೆ ಸರಿದು, ನೆಟ್ಟಗೆ ಕೂರುತ್ತಾರೆ.

"ತಗೀರಿ," ಎನ್ನುತ್ತಾರೆ. "ಆದ್ರ ಬಾಜೂಕ ಬಾಣ-ಗೀಣ ಹಾಕಬ್ಯಾಡ್ರಿ ಮತ್ತ. ನೋಡಿದವ್ರು ನಾ ಸತ್ತೇನಿ ಅಂತ ತಿಳಕೊಂಡಾರು."